ಟ್ರೇನಿಂಗಲ್ಲಿ ನನಗೆ "ಟೈಪ್ ಎ" ಅಂದ್ರು. ಸ್ಟ್ರೆಸ್ಸಿಗೆ ಕಾರಣ ನನ್ನ ಸ್ವಭಾವನಾ, ಕೆಲಸನಾ?

ಮಲೆನಾಡ್ ಬ್ಯಾಂಕರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಸರ್ಕಾರಿ ಬ್ಯಾಂಕಲ್ಲಿ ಸ್ಕೇಲ್ 2 ಆಫೀಸರ್, ಶಿವಮೊಗ್ಗ ಜಿಲ್ಲೆಯ ಒಂದು ತಾಲೂಕು ಬ್ರಾಂಚಲ್ಲಿ ಲೋನ್ ಸೆಕ್ಷನ್ ನೋಡ್ಕೊಳ್ತೀನಿ. ಯಜಮಾನ್ರು ಹೈಸ್ಕೂಲ್ ಮೇಷ್ಟ್ರು, ಮಗಳು ಒಂದನೇ ಕ್ಲಾಸು, ಅತ್ತೆ ನಮ್ಮ ಜೊತೆಗೇ ಇದಾರೆ. ಮೊನ್ನೆ ಟ್ರೇನಿಂಗಿಗೆ ಕಳಿಸಿದ್ರು, ಅದರಲ್ಲಿ ಒಂದು ಮಧ್ಯಾಹ್ನ ಸ್ಟ್ರೆಸ್ ಮ್ಯಾನೇಜ್‌ಮೆಂಟ್ ಸೆಷನ್. ಟ್ರೇನರ್ ಒಂದು ಹಾಳೆ ಕೊಟ್ಟು ಟಿಕ್ ಹಾಕಿ ಅಂದ್ರು, ಕ್ಯೂನಲ್ಲಿ ನಿಂತ್ರೆ ಸಿಟ್ಟು ಬರತ್ತಾ, ಎದುರಿನವರು ನಿಧಾನಕ್ಕೆ ಮಾತಾಡಿದ್ರೆ ವಾಕ್ಯ ನೀವೇ ಮುಗಿಸ್ತೀರಾ, ಗಬಗಬ ಊಟ ಮಾಡ್ತೀರಾ, ಈ ಥರದ್ದು. ಕೂಡಿಸಿದಾಗ ನನಗೆ ಟೈಪ್ ಎ ಬಂತು, ಕ್ಲಾಸಲ್ಲೇ ನಂದು ಜಾಸ್ತಿ. ಅವರು ಎಲ್ಲರ ಎದುರಿಗೇ ಹೇಳಿದ್ರು, ಮೇಡಂ ನಿಮಗೆ ಸ್ಟ್ರೆಸ್ ಯಾರೂ ಕೊಡ್ತಿಲ್ಲ, ನೀವೇ ತಯಾರು ಮಾಡ್ಕೊಳ್ತಿದೀರ, ಸ್ವಭಾವ ಬದಲಾಯಿಸ್ಕೊಳ್ಳಿ, ಧ್ಯಾನ ಮಾಡಿ ಅಂತ. ಮನೇಲಿ ಹೇಳಿದ್ರೆ ಯಜಮಾನ್ರೂ "ನಾನು ಮೊದಲಿಂದ ಹೇಳ್ತಿರೋದು ಅದೇ" ಅಂದ್ರು.

ನಿಜ, ನನ್ನ ಸ್ವಭಾವ ಹಂಗೇ ಇದೆ. ಫೈಲ್ ಅರ್ಧ ಬಿಟ್ಟು ಮನೆಗೆ ಬರಕ್ಕೆ ಮನಸ್ಸು ಬರಲ್ಲ. ಬೀಗ ಹಾಕಿದ್ಮೇಲೂ ಇನ್ನೊಂದ್ಸಲ ಎಳೆದು ನೋಡ್ತೀನಿ. ಚಿಕ್ಕೋಳಿದ್ದಾಗ್ಲೂ ಹೋಮ್‌ವರ್ಕ್ ಮುಗಿಸದೆ ಮಲಗ್ತಿರ್ಲಿಲ್ಲ ಅಂತ ಅಮ್ಮ ಹೇಳ್ತಾರೆ.

ಆದರೆ ಕೆಲಸನೂ ಕೇಳಿ. ನಾಲ್ಕು ಗಂಟೆವರೆಗೆ ಕೌಂಟರ್ ಮುಂದೆ ಜನ, ಆಮೇಲೆ ಫೈಲು, ಆರು ಗಂಟೆಗೆ ರೀಜನಲ್ ಆಫೀಸಿಂದ ವಿಸಿ (ವಿಡಿಯೋ ಕಾನ್ಫರೆನ್ಸ್), ಅದರಲ್ಲಿ ಯಾರ ಬ್ರಾಂಚ್ ಹಿಂದೆ ಇದೆಯೋ ಅವರ ಹೆಸರು ಕರೆದು ಕೇಳ್ತಾರೆ. ರಾತ್ರಿ ಒಂಬತ್ತಾದ್ರೂ ವಾಟ್ಸಾಪ್ ಗ್ರೂಪಲ್ಲಿ "ಇವತ್ತಿನ ಫಿಗರ್ ಹಾಕಿ" ಅಂತ ಬರ್ತಾ ಇರತ್ತೆ. ಇನ್ಶೂರೆನ್ಸ್ ಲಾಗಿನ್ ಡೇ ಬಂದ್ರೆ ಲೋನಿಗೆ ಬಂದ ರೈತರ ಹತ್ರ ಪಾಲಿಸಿ ಮಾಡಿಸ್ಬೇಕು, ನನಗೆ ಅದು ಮನಸ್ಸಿಗೇ ಒಗ್ಗಲ್ಲ. ಎಲೆಚುಕ್ಕಿ ರೋಗದಲ್ಲಿ ಅಡಿಕೆ ಹೋಗಿ ಕಟ್ಟಕ್ಕಾಗದೆ ಇರೋರ ಸಾಲಕ್ಕೂ ನಾನೇ ಉತ್ತರ ಕೊಡ್ಬೇಕು. ಈಗ ಕೆಲವು ತಿಂಗಳಿಂದ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ ಆಗತ್ತೆ, ಎದೆ ಡವಡವ ಅಂತಿರತ್ತೆ, ಮತ್ತೆ ನಿದ್ದೆ ಇಲ್ಲ. ಮಗಳು ಏನಾದ್ರೂ ಎರಡು ಸಲ ಕೇಳಿದ್ರೆ ರೇಗ್ತೀನಿ, ಅವಳು ಸುಮ್ಮನಾಗಿಬಿಡ್ತಾಳೆ, ಅದು ನನಗೆ ತುಂಬಾ ಸಂಕಟ.

ಒಂದು ವಿಷಯ ಮಾತ್ರ ನನಗೆ ಅರ್ಥ ಆಗ್ತಿಲ್ಲ. ಇದಕ್ಕೆ ಮುಂಚೆ ಚಿತ್ರದುರ್ಗ ಜಿಲ್ಲೆಯ ಬ್ರಾಂಚಲ್ಲಿದ್ದಾಗ ಕೆಲಸ ಇದಕ್ಕಿಂತ ಜಾಸ್ತಿನೇ ಇತ್ತು, ಬೆಳೆ ಸಾಲದ ರಿನೀವಲ್ ಟೈಮಲ್ಲಿ ತಲೆ ಎತ್ತಕ್ಕಾಗ್ತಿರ್ಲಿಲ್ಲ, ಆದ್ರೂ ರಾತ್ರಿ ಒಳ್ಳೇ ನಿದ್ದೆ ಮಾಡ್ತಿದ್ದೆ. ಆಗ್ಲೂ ನಾನು ಇದೇ ನಾನೇ ಅಲ್ವಾ? ಈಗ ಕೇಳ್ತಿರೋದು, ಈ ವಯಸ್ಸಲ್ಲಿ ಸ್ವಭಾವ ಬದಲಾಗತ್ತಾ? ಇಲ್ಲ ಅಂದ್ರೆ ಪ್ರಮೋಷನ್ ಬಿಟ್ಟು ವಾಪಸ್ ಕೆಳಗಿನ ಪೋಸ್ಟಿಗೆ ಹೋಗೋದು ಒಳ್ಳೇದಾ?

ಮೈಸೂರು ಪಾಠದವರು

ಮೇಡಂ, ನಾನು ಡಿಗ್ರಿ ಕಾಲೇಜಲ್ಲಿ ಸೈಕಾಲಜಿ ಪಾಠ ಮಾಡ್ತೀನಿ. ನಿಮ್ಮ ಕೊನೆ ಪ್ಯಾರಾದಲ್ಲೇ ಉತ್ತರದ ದೊಡ್ಡ ಭಾಗ ಇದೆ, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಆ ಟೈಪ್ ಎ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ನಿಮ್ಮನ್ನ ಎಲ್ಲರ ಎದುರು ಹಂಗೆ ಅಂದಿದ್ದು ಓದಿ ನನಗೆ ಬೇಜಾರಾಯ್ತು.

ಇದನ್ನ ಹುಟ್ಟುಹಾಕಿದ್ದು ಮನಶ್ಶಾಸ್ತ್ರದವರಲ್ಲ, ಸ್ಯಾನ್‌ಫ್ರಾನ್ಸಿಸ್ಕೋದ ಇಬ್ಬರು ಹೃದಯದ ಡಾಕ್ಟರು, ಮೇಯರ್ ಫ್ರೀಡ್‌ಮನ್ ಮತ್ತೆ ರೇ ರೋಸನ್‌ಮನ್, 1959ರಲ್ಲಿ. ಯಾವಾಗ್ಲೂ ಅವಸರ, ಪೈಪೋಟಿ, ಬೇಗ ಸಿಟ್ಟು, ಇಂಥವರಿಗೆ ಹಾರ್ಟ್ ಪ್ರಾಬ್ಲಮ್ ಜಾಸ್ತಿ ಅಂತ ಅವರ ವಾದ. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಜನರನ್ನ ಎಂಟೂವರೆ ವರ್ಷ ಫಾಲೋ ಮಾಡಿದ್ರು, ಟೈಪ್ ಎ ಅವರಿಗೆ ರಿಸ್ಕ್ ಹೆಚ್ಚುಕಮ್ಮಿ ಎರಡರಷ್ಟು ಅಂತ ಬಂತು. ಆ ಮೂರು ಸಾವಿರ ಜನರಲ್ಲಿ ಒಬ್ಬ ಹೆಂಗಸೂ ಇಲ್ಲ, ಎಲ್ಲ 39ರಿಂದ 59ರ ಗಂಡಸರು! ನಿಮ್ಮ ಕೈಗೆ ಕೊಟ್ಟ ಹಾಳೆಯ ಬುಡ ಇದು. 1980ರ ದಶಕದಲ್ಲಿ ಬೇರೆ ದೊಡ್ಡ ಅಧ್ಯಯನಗಳು ನಡೆದಾಗ ಆ ಸಂಬಂಧ ಸಿಗ್ಲೇ ಇಲ್ಲ. ಕೊನೆಗೆ ಉಳ್ಕೊಂಡಿದ್ದು ಒಂದೇ ಅಂಶ, ಬೇರೆಯವರ ಮೇಲೆ ಒಳಗೊಳಗೇ ಕುದಿಯೋ ದ್ವೇಷ, ಯಾರನ್ನೂ ನಂಬದೇ ಇರೋದು, ಅದು ಹೃದಯಕ್ಕೆ ಕೆಟ್ಟದ್ದು. ಚುರುಕಾಗಿರೋದು, ಕೆಲಸ ಮುಗಿಸೋ ಹಠ, ಇವಕ್ಕೂ ಹಾರ್ಟ್ ಅಟ್ಯಾಕಿಗೂ ಅಂಥ ಸಂಬಂಧ ಇಲ್ಲ. ಇನ್ನೊಂದು, ಸಿಗರೇಟ್ ಕಂಪನಿಗಳು ಈ ಟೈಪ್ ಎ ಸಂಶೋಧನೆಗೆ ವರ್ಷಗಟ್ಟಲೆ ದುಡ್ಡು ಹಾಕಿದ್ವು, ಕೋರ್ಟ್ ಕೇಸುಗಳಲ್ಲಿ ಅವುಗಳ ಕಾಗದಪತ್ರ ಹೊರಗೆ ಬಂದಾಗ ಅದು ಗೊತ್ತಾಯ್ತು. ಹೃದಯ ಕೆಟ್ಟಿದ್ದು ಸಿಗರೇಟಿಂದ ಅಲ್ಲ, ಆ ಮನುಷ್ಯನ ಸ್ವಭಾವದಿಂದ ಅನ್ನೋದು ಅವರಿಗೆ ಅನುಕೂಲ ಆಗಿತ್ತು. ತಪ್ಪು ಮನುಷ್ಯನದ್ದು ಅಂತ ಹೇಳಿದಾಗ ಯಾರಿಗೆ ಲಾಭ ಅಂತ ಯಾವಾಗ್ಲೂ ಒಂದ್ಸಲ ನೋಡ್ಬೇಕು.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಟೈಪ್ ಎ ಪೇಪರಿಗೆ ಒಂದು ವರ್ಷ ಮೊದಲು, 1958ರಲ್ಲಿ, ಇದೇ ಡಾಕ್ಟರುಗಳು ಅಕೌಂಟೆಂಟ್‌ಗಳ ರಕ್ತ ಪರೀಕ್ಷೆ ಮಾಡಿದ್ರು. ಅಮೆರಿಕದಲ್ಲಿ ಏಪ್ರಿಲ್ 15 ಟ್ಯಾಕ್ಸ್ ಕಟ್ಟೋ ಕೊನೇ ದಿನ. ಆ ಡೆಡ್‌ಲೈನ್ ಹತ್ರ ಬಂದಾಗ ಅವರ ಕೊಲೆಸ್ಟ್ರಾಲ್ ಏರ್ತಿತ್ತು, ರಕ್ತ ಬೇಗ ಹೆಪ್ಪುಗಟ್ತಿತ್ತು, ಡೆಡ್‌ಲೈನ್ ಕಳೆದ ಮೇಲೆ ಮತ್ತೆ ಇಳೀತಿತ್ತು. ಅದೇ ಜನ, ಅದೇ ಸ್ವಭಾವ, ಬದಲಾಗಿದ್ದು ಕೆಲಸದ ಒತ್ತಡ ಮಾತ್ರ. ಮಾರ್ಚ್ ಕ್ಲೋಸಿಂಗ್ ಮಾಡೋ ನಿಮಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಈಗ ಸ್ವಭಾವ ಅಳೆಯೋಕೆ ಹೆಚ್ಚಾಗಿ ಬಳಸೋದು ಐದು ಗುಣಗಳ ಪದ್ಧತಿ, ಬಿಗ್ ಫೈವ್. ಅದರಲ್ಲಿ ಎರಡು ನಿಮಗೆ ಸಂಬಂಧಪಟ್ಟಿದ್ದು. ಒಂದು ಶಿಸ್ತು, ಜವಾಬ್ದಾರಿ, ಹಿಡಿದ ಕೆಲಸ ಮುಗಿಸೋದು, ನೀವು ಹೇಳಿದ ಹೋಮ್‌ವರ್ಕ್ ಕಥೆ ಪೂರ್ತಿ ಅದೇ. ಈ ಗುಣ ಇರೋರು ಸರಾಸರಿ ಹೆಚ್ಚು ಕಾಲ ಬದುಕ್ತಾರೆ ಅಂತ ಬೇಕಾದಷ್ಟು ಅಧ್ಯಯನಗಳಲ್ಲಿ ಬಂದಿದೆ. ಇನ್ನೊಂದು ಆತಂಕದ ಕಡೆ ವಾಲೋದು, ಸಣ್ಣದಕ್ಕೂ ಮನಸ್ಸು ಕದಡೋದು, ಇದು ಜಾಸ್ತಿ ಇದ್ರೆ ಅದೇ ಕೆಲಸ ಹೆಚ್ಚು ಭಾರ ಅನ್ಸತ್ತೆ, ಇದೂ ನಿಜ. ಹಂಗಾಗಿ ಸ್ವಭಾವಕ್ಕೆ ಪಾತ್ರನೇ ಇಲ್ಲ ಅಂತ ನಾನು ಹೇಳಲ್ಲ. ಮತ್ತೆ ಸ್ವಭಾವ ಕಲ್ಲಲ್ಲಿ ಕೊರೆದಿದ್ದೂ ಅಲ್ಲ, ವಯಸ್ಸಾಗ್ತಾ ನಿಧಾನಕ್ಕೆ ಬದಲಾಗತ್ತೆ. ಆದರೆ ಒಂದು ಮಧ್ಯಾಹ್ನದ ಸೆಷನ್ನಲ್ಲಿ ಬದಲಾಯಿಸ್ಕೊಳ್ಳಿ ಅನ್ನೋದು ಸರಿಯಲ್ಲ. ಒಂದು ಕೇಳ್ತೀನಿ, ಹಳೇ ಬ್ರಾಂಚಲ್ಲಿ ಏನು ಬೇರೆ ಇತ್ತು? ಜನ, ಮ್ಯಾನೇಜರ್, ಮನೆ, ಕೆಲಸದ ರೀತಿ, ನೆನಪಾದಷ್ಟು ಬರೀರಿ.

ಕೋರಮಂಗಲ ಟೆಸ್ಟರ್

ಸರ್ ನಮ್ಮ ಆಫೀಸಲ್ಲಿ ಆ ನಾಲ್ಕಕ್ಷರದ ಟೆಸ್ಟ್ ಮಾಡಿಸಿದ್ರು, 16 ಟೈಪಿಂದು. ನಂಗೆ ಐಎನ್‌ಎಫ್‌ಜೆ ಬಂತು, ಟೀಮಲ್ಲಿ ಎಲ್ಲರೂ ಡೆಸ್ಕ್ ಮೇಲೆ ಬರೆದು ಅಂಟಿಸ್ಕೊಂಡಿದಾರೆ. ಅದೂ ಹಿಂಗೇನಾ?

ಮೈಸೂರು ಪಾಠದವರು

ಅದನ್ನ ಮಾಡಿದ್ದು ಅಮೆರಿಕದ ತಾಯಿ ಮಗಳು, ಬ್ರಿಗ್ಸ್ ಮತ್ತೆ ಮೈಯರ್ಸ್, ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಅದರ ತೊಂದರೆ ಏನಂದ್ರೆ ಕೆಲವೇ ವಾರ ಬಿಟ್ಟು ಮತ್ತೆ ಬರೆದ್ರೆ ಬಹಳ ಜನಕ್ಕೆ ಒಂದಾದ್ರೂ ಅಕ್ಷರ ಬದಲಾಗತ್ತೆ. ಟೀಮಲ್ಲಿ ಮಾತು ಶುರುಮಾಡೋಕೆ ಪರವಾಗಿಲ್ಲ, ಯಾರಿಗೆ ಯಾವ ಕೆಲಸ ಅಂತ ಅದರ ಮೇಲೆ ಹಂಚೋದು ಬೇಡ. ನೌಕರಿಗೆ ಆಯ್ಕೆ ಮಾಡೋಕೆ ಇದನ್ನ ಬಳಸಬೇಡಿ ಅಂತ ಅದನ್ನ ಮಾರೋರೇ ಹೇಳ್ತಾರೆ.

ಔಟರ್ ರಿಂಗ್ ರೋಡ್

ನನಗೆ ಸ್ವಲ್ಪ ಬೇರೆ ಅಭಿಪ್ರಾಯ ಇದೆ, ಯಾರೂ ತಪ್ಪು ತಿಳ್ಕೋಬೇಡಿ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಸಪೋರ್ಟ್ ಟೀಮಲ್ಲಿದೀನಿ, ಆನ್‌ಕಾಲ್ ಇರತ್ತೆ. ನಮ್ಮ ಟೀಮಲ್ಲಿ ಒಂದೇ ಮ್ಯಾನೇಜರ್, ಒಂದೇ ಟಿಕೆಟ್ ಲೋಡು, ಆದ್ರೆ ನಾನು ರಾತ್ರಿ ಕಾಲ್ ಬಂದ್ರೆ ಎದ್ದು ಸರಿಮಾಡಿ ಐದು ನಿಮಿಷದಲ್ಲಿ ಮತ್ತೆ ನಿದ್ದೆ ಹೋಗ್ತೀನಿ, ನನ್ನ ಪಕ್ಕದ ಹುಡುಗ ಕಾಲ್ ಬರದೇ ಇದ್ರೂ ಬರಬಹುದು ಅಂತ ಎಚ್ಚರ ಇರ್ತಾನೆ. ಕೆಲಸ ಒಂದೇ ಅಂದ್ಮೇಲೆ ಇದು ಸ್ವಭಾವ ಅಲ್ದೆ ಇನ್ನೇನು? ಎಲ್ಲಾದನ್ನೂ ಕಂಪನಿ ಮೇಲೆ ಹಾಕಿಬಿಟ್ರೆ ನಮ್ಮ ಕೈಲಿ ಏನೂ ಇಲ್ಲ ಅಂತ ಆಗೋಗತ್ತೆ, ಅದು ಇನ್ನೂ ಕಷ್ಟ ಅಲ್ವಾ.

ನಾನು ಓದಿದ್ದರಲ್ಲಿ ನನಗೆ ಉಪಯೋಗ ಆಗಿದ್ದು ಹೇಳ್ತೀನಿ. ಕೆಲವರಿಗೆ ಮನೆ ಕೆಲಸ ಎರಡೂ ಬೆರೆಸ್ಕೊಂಡು ಇರೋದು ಆರಾಮ, ಮಧ್ಯಾಹ್ನ ಮಗುನ ಸ್ಕೂಲಿಂದ ಕರ್ಕೊಂಬಂದು ರಾತ್ರಿ ಲ್ಯಾಪ್‌ಟಾಪ್ ತೆಗೀತಾರೆ, ಅವರಿಗೆ ಏನೂ ಅನ್ಸಲ್ಲ. ಇನ್ನು ಕೆಲವರಿಗೆ ನಡುವೆ ಗೋಡೆ ಬೇಕು. 1996ರಲ್ಲಿ ಕ್ರಿಸ್ಟೀನಾ ನಿಪ್ಪರ್ಟ್ ಎಂಗ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞೆ ಇದರ ಮೇಲೆ ಪುಸ್ತಕ ಬರೆದಿದಾರೆ. ಮನೆ ಬೀಗದ ಕೈ ಆಫೀಸ್ ಬೀಗದ ಕೈ ಒಂದೇ ಗೊಂಚಲಲ್ಲಿ ಇಟ್ಕೊಳ್ತಾರಾ ಬೇರೆ ಬೇರೆನಾ, ಕ್ಯಾಲೆಂಡರ್ ಒಂದಾ ಎರಡಾ, ಅಷ್ಟು ಸಣ್ಣದನ್ನೂ ಕೇಳಿ ಗಮನಿಸಿದ್ರು. ನಾನು ಗೋಡೆ ಬೇಕು ಅನ್ನೋ ಪೈಕಿ. ಕೋವಿಡ್ ವರ್ಕ್ ಫ್ರಮ್ ಹೋಮಲ್ಲಿ ನನಗೆ ತುಂಬಾ ಹಿಂಸೆ ಆಗಿತ್ತು, ಊಟದ ಟೇಬಲ್ಲೇ ಆಫೀಸು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಕೂತಾಗ ಬೈತಿದ್ದೆ, ಆದ್ರೆ ಆ ಪ್ರಯಾಣದಲ್ಲಿ ಆಫೀಸು ತಲೆಯಿಂದ ಇಳೀತಿತ್ತು ಅಂತ ಅದಿಲ್ಲದಾಗ್ಲೇ ಗೊತ್ತಾಗಿದ್ದು. ಮೇಡಂ ನೀವೂ ಬಹುಶಃ ಗೋಡೆಯವರು. ಆ ಗ್ರೂಪ್ ನೋಟಿಫಿಕೇಷನ್ ರಾತ್ರಿ ಎಂಟರ ಮೇಲೆ ಮ್ಯೂಟ್ ಮಾಡಿ, ಅದಕ್ಕೆ ಯಾರ ಪರ್ಮಿಷನ್ನೂ ಬೇಡ.

ಕುಡ್ಲದ ಸಿಸ್ಟರ್

ಮ್ಯೂಟ್ ಮಾಡ್ಲಿಕ್ಕೆ ಪರ್ಮಿಷನ್ ಬೇಡ, ಸರಿ, ಆದ್ರೆ ಮರುದಿನ ವಿಸಿಯಲ್ಲಿ ಹೆಸರು ಕರೆದು ಕೇಳುವಾಗ ನೀವು ಬಂದು ಉತ್ತರ ಕೊಡುದಿಲ್ಲ ಅಲ್ಲ? ಮ್ಯೂಟ್ ಮಾಡಿದ್ರೆ ಏನಾಗ್ತದೆ ಅನ್ನುದು ಮೇಲಿನವರ ಕೈಯಲ್ಲಿ ಉಂಟು. ಫ್ರಾನ್ಸಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿಂದ ಕೆಲಸದ ಟೈಮ್ ಮುಗಿದ ಮೇಲೆ ಬರುವ ಫೋನಿನ ಬಗ್ಗೆ ಕಾನೂನೇ ಉಂಟು. ನಮ್ಮಲ್ಲಿ ಪಾರ್ಲಿಮೆಂಟಲ್ಲಿ ಖಾಸಗಿ ಮಸೂದೆ ಬಂದದ್ದು ಬಿಟ್ರೆ ಕಾನೂನು ಆಗ್ಲಿಲ್ಲ.

ನಾನು ಮಂಗಳೂರಲ್ಲಿ ನರ್ಸ್. ನಮ್ಮ ಕೆಲಸ ಕಷ್ಟ ಅಂತ ಎಲ್ಲರಿಗೂ ಗೊತ್ತುಂಟು, ನೈಟ್ ಡ್ಯೂಟಿಯಲ್ಲಿ ನಿದ್ದೆ ಹಾಳು, ಆದ್ರೂ ಒಂದು ಒಳ್ಳೇದುಂಟು, ಹ್ಯಾಂಡೋವರ್. ಶಿಫ್ಟ್ ಮುಗಿವಾಗ ಬೆಡ್ ಬೆಡ್ ಹತ್ರ ನಿಂತು ಈ ಪೇಷಂಟಿಗೆ ಇಷ್ಟು ಆಗಿದೆ, ಇಷ್ಟು ಬಾಕಿ ಅಂತ ಮುಂದಿನವರಿಗೆ ಹೇಳಿ ಸೈನ್ ಹಾಕಿದ್ರೆ ಆ ಜವಾಬ್ದಾರಿ ಅವರದ್ದು. ನಾನು ಸಹ ಎರಡೆರಡು ಸಲ ಚೆಕ್ ಮಾಡುವವಳೇ, ಡೋಸ್ ತಪ್ಪಿದ್ರೆ ಜೀವ ಹೋಗ್ತದೆ, ಇಲ್ಲಿ ಅದನ್ನ ಯಾರೂ ಕಾಯಿಲೆ ಅಂತ ಹೇಳುದಿಲ್ಲ, ಅದೇ ಸರಿಯಾದ ಕ್ರಮ ಅಂತ ಹೇಳ್ತಾರೆ. ಮೇಡಮಿಗೆ ಹ್ಯಾಂಡೋವರ್ ಇಲ್ಲ, ಮನೆಗೆ ಬಂದ್ರೂ ಆ ಸಾಲದ ಫೈಲು ಅವರದ್ದೇ. ತಲೆಯಿಂದ ಇಳಿಸಿ ಅಂತ ಹೇಳುವುದು ಸುಲಭ, ಇಳಿಸ್ಲಿಕ್ಕೆ ಜಾಗ ಬೇಕಲ್ಲ.

ಮತ್ತೆ ಯಾರೂ ಕೇಳ್ಲಿಲ್ಲ, ನಾನು ಕೇಳ್ತೇನೆ. ಬ್ರಾಂಚಿಂದ ಎಂಟು ಗಂಟೆಗೆ ಬಂದ ಮೇಲೆ ಮನೆಯಲ್ಲಿ ಅಡುಗೆ ಯಾರು? ಮಗುವಿನ ಯೂನಿಫಾರ್ಮ್, ಟಿಫಿನ್, ಅತ್ತೆಯ ಬಿಪಿ ಮಾತ್ರೆ ಮುಗೀತಾ ಅಂತ ನೆನಪಿಡುವುದು ಯಾರು? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಕೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡ್ತಾರೆ, ಗಂಡಸರಲ್ಲಿ ಮನೆಕೆಲಸಕ್ಕೆ ಕೈ ಹಾಕುವವರೂ 88 ನಿಮಿಷ. ಅಣ್ಣಾವ್ರು ಒಳ್ಳೆಯವರೇ ಇರಬಹುದು, ಮೇಷ್ಟ್ರು ಅಂತ ಹೇಳ್ತಿದ್ದೀರಿ, ಆದ್ರೆ ನಿನ್ನ ಸ್ವಭಾವ ಹಾಗೇ ಅಂತ ಹೇಳುವ ಮೊದಲು ಈ ಲೆಕ್ಕ ಇಬ್ಬರೂ ಕೂತು ಬರೀಬೇಕು.

ಮಲೆನಾಡ್ ಬ್ಯಾಂಕರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದ್ತಾ ಕಣ್ಣಲ್ಲಿ ನೀರು ಬಂತು.

ಸಿಸ್ಟರ್, ಅಡುಗೆ ಅತ್ತೆ ಮಾಡ್ತಾರೆ, ಅವರಿಗೆ ಮಂಡಿನೋವು, ಹಂಗಾಗಿ ಪಾತ್ರೆ, ಬೆಳಗ್ಗೆ ತಿಂಡಿ, ಮಗಳದ್ದು ಎಲ್ಲ ನಂದು. ಯಜಮಾನ್ರು ತರಕಾರಿ ತರ್ತಾರೆ, ಪಾಠ ಹೇಳ್ಕೊಡ್ತಾರೆ. ನೆನಪಿಡೋದು ಯಾರು ಅಂತ ಕೇಳಿದ್ರಲ್ಲ, ಅದನ್ನ ನಾನು ಕೆಲಸ ಅಂತ ಯಾವತ್ತೂ ಅಂದ್ಕೊಂಡೇ ಇರ್ಲಿಲ್ಲ.

ಸರ್ ಹಳೇ ಬ್ರಾಂಚ್ ಬಗ್ಗೆ ಕೇಳಿದ್ರಿ. ಆ ಮ್ಯಾನೇಜರ್ ಸೋಮವಾರ ಬೆಳಗ್ಗೆ ಕೂರಿಸ್ಕೊಂಡು ಈ ವಾರ ಯಾವ ಯಾವ ಫೈಲ್ ಮಾಡ್ತೀಯಮ್ಮ ಅಂತ ಕೇಳೋರು, ನಾನೇ ಪಟ್ಟಿ ಮಾಡಿ ಕೊಡ್ತಿದ್ದೆ, ಶನಿವಾರ ನೋಡ್ತಿದ್ರು, ಮಧ್ಯದಲ್ಲಿ ಕೇಳ್ತಿರ್ಲಿಲ್ಲ. ತೋಟ ನೋಡ್ಕೊಂಡು ಬರ್ತೀನಿ ಸರ್ ಅಂದ್ರೆ ಹೋಗ್ಬಾ ಅನ್ನೋರು. ರೀಜನಲ್ ಆಫೀಸಿನ ಫೋನ್ ಅವರೇ ತಗೊಳ್ತಿದ್ರು, ನಮ್ಮ ತನಕ ಬರ್ತಾನೇ ಇರ್ಲಿಲ್ಲ. ಈ ಸಾಲ ಕೊಡೋದು ಬೇಡ ಅಂತ ನಾನು ಬರೆದ್ರೆ ಯಾಕೆ ಅಂತ ಕೇಳಿ ಒಪ್ಕೊಳ್ತಿದ್ರು. ಈಗ ಬೆಳಗ್ಗೆ ನಾನು ಅಂದ್ಕೊಂಡಿದ್ದು ಒಂದು, ಹನ್ನೊಂದಕ್ಕೆ ಅದನ್ನ ಬಿಟ್ಟು ಇನ್ಶೂರೆನ್ಸ್, ಎರಡಕ್ಕೆ ಅದನ್ನ ಬಿಟ್ಟು ರಿಕವರಿ ಫೋನು, ಸಂಜೆ ಯಾವುದೂ ಮುಗಿದಿರಲ್ಲ, ಮುಗಿಯದೆ ಇದ್ರೆ ನನಗೆ ಸಮಾಧಾನ ಇಲ್ಲ.

ಮೈಸೂರು ಪಾಠದವರು

ಇದನ್ನೇ ನಾನು ಕಾಯ್ತಿದ್ದೆ. 1979ರಲ್ಲಿ ರಾಬರ್ಟ್ ಕರಾಸೆಕ್ ಅನ್ನೋರು ಅಮೆರಿಕ ಮತ್ತೆ ಸ್ವೀಡನ್ ಕೆಲಸಗಾರರ ಮಾಹಿತಿ ಇಟ್ಕೊಂಡು ಹೇಳಿದ್ದು ಇಷ್ಟೇ, ಕೆಲಸ ಹೆಚ್ಚಿರೋದು ಒಂದೇ ಮನುಷ್ಯನನ್ನ ಕುಗ್ಗಿಸಲ್ಲ, ಕೆಲಸ ಹೆಚ್ಚು ಇದ್ದು ಅದನ್ನ ಹೆಂಗೆ ಯಾವಾಗ ಮಾಡ್ಬೇಕು ಅನ್ನೋ ಅಧಿಕಾರ ಕಮ್ಮಿ ಇದ್ದಾಗ ಕುಗ್ಗಿಸತ್ತೆ. ಆಮೇಲೆ ಅದಕ್ಕೆ ಮೂರನೇದು ಸೇರ್ತು, ಮೇಲಿನವರ ಜೊತೆಯವರ ಆಸರೆ. ಲಂಡನ್ನಲ್ಲಿ ಸರ್ಕಾರಿ ಆಫೀಸುಗಳ ಹತ್ತು ಸಾವಿರಕ್ಕೂ ಹೆಚ್ಚು ನೌಕರರನ್ನ, ಹೆಂಗಸರೂ ಸೇರಿ, 1985ರಿಂದ ಫಾಲೋ ಮಾಡಿದ ವೈಟ್‌ಹಾಲ್ ಅಧ್ಯಯನದಲ್ಲೂ ಕೆಲಸದ ಮೇಲೆ ಹಿಡಿತ ಕಮ್ಮಿ ಇದ್ದವರಿಗೇ ಹೃದಯದ ಕಾಯಿಲೆ ಹೆಚ್ಚು ಕಂಡಿದ್ದು. ಎಲ್ಲ ಮೇಜು ಕುರ್ಚಿ ಕೆಲಸದವರು, ನಿಮ್ಮ ಹಂಗೇ. ಹಳೇ ಬ್ರಾಂಚಲ್ಲಿ ನಿಮಗೆ ಹೊರೆ ಇತ್ತು, ಹಿಡಿತನೂ ಇತ್ತು, ಆಸರೆನೂ ಇತ್ತು. ಈಗ ಹೊರೆ ಮಾತ್ರ.

ಔಟರ್ ರಿಂಗ್ ರೋಡ್ ಅವರೇ, ನಿಮ್ಮ ಮಾತು ತಳ್ಳಿ ಹಾಕ್ತಿಲ್ಲ. ಒಂದೇ ಟೀಮಲ್ಲಿ ಯಾರು ಮೊದಲು ಬೀಳ್ತಾರೆ ಅನ್ನೋದು ಸ್ವಭಾವದ ಮೇಲೆ ಹೋಗತ್ತೆ. ಎಷ್ಟು ಜನ ಬೀಳ್ತಾರೆ ಅನ್ನೋದು ಕೆಲಸದ ಮೇಲೆ ಹೋಗತ್ತೆ. ಮತ್ತೆ ಗಂಟೆಗಳ ಲೆಕ್ಕ ಬೇರೆ ಇದೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯೋರಿಗೆ 35-40 ಗಂಟೆ ದುಡಿಯೋರಿಗಿಂತ ಪಾರ್ಶ್ವವಾಯು ರಿಸ್ಕ್ 35% ಜಾಸ್ತಿ. ಮೇಡಂ ನಿಮ್ಮ ವಾರದ ಗಂಟೆ ಕೂಡಿಸಿ ನೋಡಿ, ರಾತ್ರಿಯ ವಾಟ್ಸಾಪ್ ಸೇರಿಸಿ.

ಔಟರ್ ರಿಂಗ್ ರೋಡ್

ಒಪ್ತೀನಿ ಸರ್, ಯಾರು ಬೀಳ್ತಾರೆ ಎಷ್ಟು ಜನ ಬೀಳ್ತಾರೆ ಅನ್ನೋದು ಬೇರೆ ಬೇರೆ ಪ್ರಶ್ನೆ ಅಂತ ನಾನು ಯೋಚಿಸಿರ್ಲಿಲ್ಲ. ನನ್ನ ಪಕ್ಕದ ಹುಡುಗನ ರೋಸ್ಟರ್ ಒಂದು ವಾರ ಮೊದಲೇ ಗೊತ್ತಾಗೋ ಹಂಗೆ ಮಾಡಕ್ಕಾಗತ್ತಾ ಅಂತ ಮ್ಯಾನೇಜರ್ ಹತ್ರ ಮಾತಾಡ್ತೀನಿ, ಈಗ ಹಿಂದಿನ ದಿನ ಸಂಜೆ ಹೇಳ್ತಾರೆ.

ಧಾರವಾಡ ನಿವೃತ್ತ ಮ್ಯಾನೇಜರ್

ನೋಡ್ರಿ ತಂಗಿ, ನಾನೂ ಬ್ಯಾಂಕಿನ್ಯಾಗ ಕ್ಲರ್ಕ್ ಆಗಿ ಸೇರಿ ಚೀಫ್ ಮ್ಯಾನೇಜರ್ ಆಗಿ ರಿಟೈರ್ ಆದಾಂವ. ಮೊದ್ಲ ಒಂದು ಮಾತು, ಪ್ರಮೋಷನ್ ಬಿಡೂ ವಿಚಾರ ಈಗ ಮಾಡಬ್ಯಾಡ್ರಿ. ನಿದ್ದಿ ಇಲ್ಲದ ತಲಿಯಿಂದ ನೌಕರಿ ನಿರ್ಧಾರ ತಗೋಬಾರದು. ನಿಮ್ಮಂಥ ಬೀಗ ಎರಡು ಸಲ ಎಳದು ನೋಡೂ ಆಫೀಸರ್ ಸಿಗೂದು ಬ್ರಾಂಚಿನ ಪುಣ್ಯ, ಸಹಿ ಹಾಕೂ ಮೊದ್ಲ ಓದೂ ಮಂದಿ ಇಲ್ಲದ ಎಷ್ಟು ಬ್ರಾಂಚ್ ಫ್ರಾಡ್ ಒಳಗ ಸಿಕ್ಕಾವ ಅಂತ ನಾ ಕಣ್ಣಾರೆ ನೋಡೀನಿ.

ಇನ್ನ ಕೈಲಾಗೂ ಮಾತು ಹೇಳ್ತೀನಿ. ನಿಮ್ಮ ಬ್ರಾಂಚ್ ಮ್ಯಾನೇಜರ್ ಕೂಡ ಒಮ್ಮೆ ಶಾಂತ ಇದ್ದಾಗ ಕೂತು ಮಾತಾಡ್ರಿ, ಸ್ಟ್ರೆಸ್ ಆಗೇತಿ ಅಂತ ಶುರು ಮಾಡಬ್ಯಾಡ್ರಿ, ಅವ್ರಿಗೂ ಅಷ್ಟ ಒತ್ತಡ ಇರ್ತೈತಿ, ಕೇಳೂ ತಾಳ್ಮಿ ಇರೂದಿಲ್ಲ. ಫೈಲ್ ಲೆಕ್ಕ ತಗೊಂಡು ಹೋಗ್ರಿ. ಬೆಳಿಗ್ಗೆ ಹತ್ತರಿಂದ ಹನ್ನೆರಡು ತನಕ ಯಾರೂ ಕರೀಲಾರದಂಗ ನನಗ ಬಿಡ್ರಿ, ದಿನಕ್ಕ ಇಷ್ಟು ಸ್ಯಾಂಕ್ಷನ್ ಮುಗಿಸಿ ಕೊಡ್ತೀನಿ, ರಿಕವರಿ ಫೋನ್ ಎಲ್ಲಾ ಮಧ್ಯಾಹ್ನದ ಮ್ಯಾಲ ಒಂದ ಸಲ ಮಾಡ್ತೀನಿ ಅನ್ರಿ. ಅವ್ರಿಗೆ ಅಂಕಿ ಬೇಕು, ನಿಮಗ ನಿಮ್ಮ ಕೆಲಸದ ಮ್ಯಾಲ ಹಿಡಿತ ಬೇಕು, ಎರಡೂ ಕೂಡತಾವ. ಒಂದು ವಾರ ಮಾಡಿ ತೋರಿಸಿದ್ರ ಬಹಳ ಮಂದಿ ಮ್ಯಾನೇಜರ್ ಒಪ್ಪತಾರ. ಆಮ್ಯಾಲ ಎಲೆಚುಕ್ಕಿ ರೋಗದ ಸಾಲಗಳನ್ನ ಬ್ಯಾರೆ ಪಟ್ಟಿ ಮಾಡಿ, ತೋಟಗಾರಿಕೆ ಇಲಾಖೆ ರಿಪೋರ್ಟ್ ಇದ್ರ ಅದನ್ನ ಹಚ್ಚಿ, ಕಾರಣ ಇದು ಅಂತ ಕಾಗದದ ಮ್ಯಾಲ ಮ್ಯಾಲಿನವ್ರಿಗೆ ಕಳಸ್ರಿ. ಬಾಯಿಲೆ ಹೇಳಿದ್ದು ವಿಸಿ ಒಳಗ ಯಾರ ನೆನಪಿಗೂ ಬರೂದಿಲ್ಲ.

ಇನ್ನೊಂದು ಭಾಳ ಮಂದಿಗೆ ಗೊತ್ತಿಲ್ಲ. ರಿಸರ್ವ್ ಬ್ಯಾಂಕಿನ 2021ರ ಜುಲೈ ಸರ್ಕ್ಯುಲರ್ ಪ್ರಕಾರ ಸೂಕ್ಷ್ಮ ಜಾಗಾದಾಗ ಇರೂ ನೌಕರರಿಗೆ ವರ್ಷಕ್ಕ ಒಮ್ಮೆ ಕಡಿಮಿ ಅಂದ್ರ 10 ಕೆಲಸದ ದಿನ ಒಂದ ಗಂಟಿನ್ಯಾಗ ಕಡ್ಡಾಯ ರಜಾ ಕೊಡಬೇಕು, ಮೊದ್ಲ ತಿಳಿಸಲಾರದ. ಆ ಹೊತ್ತಿನ್ಯಾಗ ಬ್ಯಾಂಕಿನ ಇಮೇಲ್ ಬಿಟ್ರ ಕೆಲಸದ ಯಾವ ಸಿಸ್ಟಮ್ಮೂ ಅವ್ರ ಕೈಗೆ ಕೊಡಂಗಿಲ್ಲ. ಅದು ಮಾಡಿದ್ದು ಫ್ರಾಡ್ ಹಿಡೀಲಿಕ್ಕೆ, ಆರೋಗ್ಯಕ್ಕಲ್ಲ. ಆದ್ರ ಅದರ ಅರ್ಥ ಏನು, ನೀವು ಹತ್ತು ದಿನ ಇಲ್ಲದ ಬ್ರಾಂಚ್ ನಡಿಬೇಕು ಅಂತ ರಿಸರ್ವ್ ಬ್ಯಾಂಕ ಹೇಳೇತಿ. ಯಾವ ಯಾವ ಪೋಸ್ಟ್ ಆ ಪಟ್ಟಿಯಾಗ ಬರ್ತಾವ ಅನ್ನೂದು ಬ್ಯಾಂಕಿನ ಪಾಲಿಸಿ ಮ್ಯಾಲ ಐತಿ, ಲೋನ್ ಸೆಕ್ಷನ್ ನಿಮ್ಮಲ್ಲೆ ಬರ್ತೈತೇನು ಅಂತ ಎಚ್ ಆರ್ ಕಡೆ ಕೇಳ್ರಿ. ಬರಲಿಲ್ಲ ಅಂದ್ರೂ ನಿಮ್ಮ ಪಿಎಲ್ (ಗಳಿಕೆ ರಜಾ) ಕೂಡಿಟ್ಟಿದ್ದು ಇರ್ತೈತಿ, ರಿಟೈರ್ ಆದಾಗ ರೊಕ್ಕ ತಗೋಳೂನು ಅಂತ ಎಲ್ಲಾ ಉಳಸಬ್ಯಾಡ್ರಿ. ಎರಡನೇ ನಾಲ್ಕನೇ ಶನಿವಾರ ರಜಾ 2015ರ ಸೆಪ್ಟೆಂಬರ್‌ದಾಗ ಬಂತು, ಅದನ್ನ ಯೂನಿಯನ್ ಮಂದಿ ವರ್ಷಾನುಗಟ್ಟಲೆ ಕೇಳಿ ತಂದದ್ದು. ರಾತ್ರಿ ಗ್ರೂಪಿನ ಮೆಸೇಜ್ ಬಗ್ಗೆನೂ ಒಬ್ಬಾಕಿನ ಜಗಳಾಡಬ್ಯಾಡ್ರಿ, ಆಫೀಸರ್ಸ್ ಅಸೋಸಿಯೇಷನ್ ಕಡೆ ಬರದು ಕೊಡ್ರಿ, ಹತ್ತು ಬ್ರಾಂಚಿನವ್ರು ಕೂಡಿ ಸಹಿ ಮಾಡಿ ಕೊಟ್ರ ಅದರ ತೂಕ ಬ್ಯಾರೆ.

ಹಾಸನದವಳು

ಅಕ್ಕ, ಎಲ್ಲರೂ ಕೆಲಸದ್ದೇ ಮಾತಾಡ್ತಿದಾರೆ, ಆ ನಾಲ್ಕು ಗಂಟೆ ಎಚ್ಚರ ಮತ್ತೆ ಎದೆ ಡವಡವ ಬಿಟ್ಬಿಡಬೇಡಿ. ನನಗೂ ಹಿಂಗೇ ಶುರುವಾಗಿತ್ತು, ಕೆಲಸದ ಟೆನ್ಷನ್ ಅಂತ ಎಲ್ಲರೂ ಅಂದ್ರು, ಡಾಕ್ಟರ್ ಹತ್ರ ಹೋದಾಗ ಥೈರಾಯ್ಡ್ ಏರುಪೇರಾಗಿದೆ ಅಂತ ಗೊತ್ತಾಯ್ತು, ಜೊತೆಗೆ ಆತಂಕನೂ ಇತ್ತು, ಎರಡಕ್ಕೂ ಔಷಧಿ ತಗೊಂಡೆ. ಮೊದಲು ಬಿಪಿ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ, ಇಸಿಜಿ ಮಾಡಿಸಿ. ದಿನಾ ಬೆಳಗಿನ ಜಾವ ಬೇಗ ಎಚ್ಚರ ಆಗಿ ಮತ್ತೆ ನಿದ್ದೆ ಬರದೇ ಇರೋದು ಡಿಪ್ರೆಷನ್ನಿನ ಲಕ್ಷಣನೂ ಆಗಿರಬಹುದು, ಅದನ್ನ ಡಾಕ್ಟರೇ ನೋಡಿ ಹೇಳ್ಬೇಕು. ನಿಮ್ಮ ಜಿಲ್ಲೆಯ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರು ಇದಾರೆ, ತಾಲೂಕು ಆಸ್ಪತ್ರೆಗಳಲ್ಲೂ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇರತ್ತೆ, ನಿಮ್ಮಲ್ಲಿ ಹೇಗೆ ಅಂತ ವಿಚಾರಿಸಿ. ಹೋಗಕ್ಕೆ ಸಂಕೋಚ ಆದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಇರತ್ತೆ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಮಗಳ ಹತ್ರನೂ ಒಂದು ಮಾತು ಹೇಳಿ, ಅಮ್ಮಂಗೆ ಆಫೀಸಲ್ಲಿ ಸುಸ್ತಾಗಿದೆ, ನಿನ್ನ ಮೇಲೆ ಸಿಟ್ಟಲ್ಲ ಅಂತ. ಮಕ್ಕಳು ತಮ್ಮದೇ ತಪ್ಪು ಅಂದ್ಕೊಂಡು ಕೂತ್ಬಿಡ್ತವೆ.

ಮಲೆನಾಡ್ ಬ್ಯಾಂಕರ್

ಮಗಳಿಗೆ ನಿನ್ನೆ ರಾತ್ರಿನೇ ಹೇಳಿದೆ. ಈ ಶನಿವಾರ ನಾಲ್ಕನೇ ಶನಿವಾರ, ಬೆಳಗ್ಗೆ ಬ್ಲಡ್ ಟೆಸ್ಟಿಗೆ ಹೋಗ್ತಿದೀನಿ, ಯಜಮಾನ್ರೂ ಬರ್ತಾರೆ, ಈ ಥ್ರೆಡ್ ಅವರಿಗೂ ಓದ್ಸಿದೆ. 289 ಮತ್ತೆ 88 ಓದಿ ಸುಮ್ಮನೆ ಕೂತಿದ್ರು, ಇವತ್ತು ಬೆಳಗ್ಗೆ ಎದ್ದು ಮಗಳ ಟಿಫಿನ್ ಅವರೇ ಕಟ್ಟಿದ್ರು.

ಸರ್ (ಧಾರವಾಡದವರು), ಆ ಕಡ್ಡಾಯ ರಜೆ ವಿಷಯ ಎಚ್ ಆರ್ ಹತ್ರ ಕೇಳ್ಬೇಕಂದ್ರೆ ಬ್ರಾಂಚ್ ಮ್ಯಾನೇಜರ್ ಮೂಲಕನೇ ಹೋಗ್ಬೇಕಾ, ನೇರ ರೀಜನಲ್ ಆಫೀಸಿಗೆ ಮೇಲ್ ಹಾಕಬಹುದಾ?

ಧಾರವಾಡ ನಿವೃತ್ತ ಮ್ಯಾನೇಜರ್

ಮ್ಯಾನೇಜರ್ ಮೂಲಕನ ಹೋಗ್ರಿ ತಂಗಿ, ಅವ್ರನ್ನ ದಾಟಿ ಹೋದ್ರ ಮನಸ್ಸು ಕೆಡ್ತೈತಿ. ಪಾಲಿಸಿ ಕಾಪಿ ಬ್ಯಾಂಕಿನ ಇಂಟ್ರಾನೆಟ್‌ದಾಗ ಎಚ್ ಆರ್ ಸರ್ಕ್ಯುಲರ್ ಒಳಗ ಸಿಗಬೇಕು, ಮೊದ್ಲ ಅದನ್ನ ಹುಡುಕಿ ಪ್ರಿಂಟ್ ತಗೊಂಡು ಕೈಯಾಗ ಹಿಡಕೊಂಡು ಹೋಗ್ರಿ. ರಿಪೋರ್ಟ್ ಬಂದ ಮ್ಯಾಲ ಇಲ್ಲೆ ಬರೀರಿ.